ಬೀಳ್ಕೊಡುಗೆಯ ನಗೆಯೂ ಒಂದು ಆಶೀರ್ವಾದವಾಗಲಿ

ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಶಾಲೆಗಳಲ್ಲಿ ಎರಡು ಕಾರ್ಯಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಒಂದು ಪರೀಕ್ಷೆಯ ಸಿದ್ಧತೆ, ಇನ್ನೊಂದು ಬೀಳ್ಕೊಡುಗೆ ಸಮಾರಂಭದ ಸಿದ್ಧತೆ. ಮೊದಲನೆಯದಕ್ಕಾಗಿ ತಂದೆತಾಯಿಗಳು ನಿದ್ದೆಗೆಡುತ್ತಾರೆ, ಎರಡನೆಯದಕ್ಕಾಗಿ ಮಕ್ಕಳು. ಹರಿಹರ, ದಾವಣಗೆರೆಗಳ ನಗರದ ಶಾಲೆಗಳಲ್ಲಿಯೂ, ಕಡರನಾಯಕನಹಳ್ಳಿಯಂತಹ ಗ್ರಾಮಗಳ ಮಕ್ಕಳು ಓದುವ ಶಾಲೆಗಳಲ್ಲಿಯೂ ಈ ದೃಶ್ಯ ಹೆಚ್ಚುಕಡಿಮೆ ಒಂದೇ. ಹೊರಡುವವರು ಹಣ ಕೂಡಿಸಿ ಶಾಲೆಗೊಂದು ಗೋಡೆ ಗಡಿಯಾರವನ್ನೋ ಕುರ್ಚಿಯನ್ನೋ ಕೊಡಿಸುತ್ತಾರೆ. ಉಳಿಯುವವರು ಬಣ್ಣದ ಕಾಗದ ಕತ್ತರಿಸಿ ತೋರಣ ಕಟ್ಟುತ್ತಾರೆ. ಗುಂಪು ಭಾವಚಿತ್ರ, ಆಟೋಗ್ರಾಫ್ ಪುಸ್ತಕ, ಕೊನೆಯಲ್ಲಿ ಕಾಗದದ ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ಒಂದು ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಭಟ್ಟಿಗಳ ಊರಾದ ದಾವಣಗೆರೆಯ ಸೀಮೆಯಲ್ಲಿ ಇದಿಲ್ಲದೆ ಸಮಾರಂಭ ಪೂರ್ಣವಾಗುವುದುಂಟೆ?

ಈ ಎಲ್ಲದರ ನಡುವೆ ಮಕ್ಕಳು ಅತ್ಯಂತ ಕಾತರದಿಂದ ಕಾಯುವ ಕಾರ್ಯಕ್ರಮವೊಂದಿದೆ. ಅದುವೇ ಫಿಶ್ ಪಾಂಡ್. ಓದುಗರಲ್ಲಿ ಬಹುಮಂದಿ ಒಮ್ಮೆಯಾದರೂ ಈ ಕೊಳದಲ್ಲಿ ಮೀನಾಗಿ ಸಿಕ್ಕಿಬಿದ್ದವರೇ ಆಗಿರುತ್ತಾರೆ. ಸಮಾರಂಭಕ್ಕೆ ವಾರದ ಮುಂಚೆ ಒಂದು ಡಬ್ಬಿಯನ್ನು ಇಡುತ್ತಾರೆ. ಸಹಪಾಠಿಯೊಬ್ಬನ ಹೆಸರನ್ನೂ ಅವನಿಗೊಪ್ಪುವ ಹಾಸ್ಯದ ಬಿರುದನ್ನೂ ಚೀಟಿಯಲ್ಲಿ ಬರೆದು, ತಮ್ಮ ಹೆಸರು ಬರೆಯದೆ, ಅದರೊಳಗೆ ಹಾಕಬೇಕು. ಆ ದಿನ ಒಬ್ಬ ವಾಚಾಳಿ ಹುಡುಗ ಕೋಲಿಗೆ ದಾರ ಕಟ್ಟಿ ಗಾಳ ಹಾಕುವವನಂತೆ ನಟಿಸುತ್ತಾ ಒಂದೊಂದೇ ಚೀಟಿಯನ್ನು ಎತ್ತಿ ಓದುತ್ತಾನೆ. ಹೆಸರು ಬಂದವರು ಎದ್ದು ನಿಲ್ಲಬೇಕು. ಸಭೆ ಗೊಳ್ಳೆಂದು ನಗುತ್ತದೆ. ಮುಖ್ಯೋಪಾಧ್ಯಾಯರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಈ ನಗೆಯ ವಿಷಯವಾಗಿ ನಾವು ಇಂದು ಎರಡು ಮಾತು ಹೇಳಬಯಸುತ್ತೇವೆ. ಅದಕ್ಕೆ ಮುನ್ನ ನಗೆ ಹುಟ್ಟುವ ಮನೆಯಾದ ಶಾಲೆಯ ಸಂಘಗಳನ್ನು ಸ್ಮರಿಸಬೇಕು.

ನಮ್ಮ ಶಾಲೆಗಳಲ್ಲಿ ಸಂಘಗಳಿಗೆ ಬರವಿಲ್ಲ. ಕನ್ನಡ ಸಾಹಿತ್ಯ ಸಂಘ, ವಿಜ್ಞಾನ ಸಂಘ, ಕ್ರೀಡಾ ಸಂಘಗಳು ಹಳೆಯವು. ಕರ್ನಾಟಕದವರೇ ಆದ ನಾ. ಸು. ಹರ್ಡೀಕರರು 1923ರಲ್ಲಿ ಆರಂಭಿಸಿದ ಸೇವಾದಳದ ಪರಂಪರೆಯೂ, 1950ರಲ್ಲಿ ಒಂದಾಗಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯೂ ಅನೇಕ ಶಾಲೆಗಳಲ್ಲಿ ಬೇರೂರಿವೆ. ಕೇಂದ್ರ ಪರಿಸರ ಸಚಿವಾಲಯವು 2001ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆಯಿಂದಾಗಿ ಇಕೋ ಕ್ಲಬ್ಬುಗಳು ಬಂದವು. ಶಾಲಾ ಸಂಸತ್ತಿನ ಕಥೆಯಂತೂ ಇನ್ನೂ ಸ್ವಾರಸ್ಯಕರ. ಅಲ್ಲಿ ಆಹಾರ ಮಂತ್ರಿಯಾದ ಬಾಲಕನೇ ಬಿಸಿಯೂಟದ ಸಾಲಿನಲ್ಲಿ ಮೊದಲು ನಿಂತಿರುತ್ತಾನೆ. ಆರೋಗ್ಯ ಮಂತ್ರಿಗೆ ವರ್ಷವಿಡೀ ನೆಗಡಿ. ವಿರೋಧ ಪಕ್ಷದ ನಾಯಕನಿಗೆ ಮಾತನಾಡಲು ಸಂಕೋಚ!

ಸಂಘಗಳ ವಿಷಯದಲ್ಲಿ ಒಂದು ಹಳೆಯ ಚಟಾಕಿಯೂ ಉಂಟು. ಜುಲೈಯಲ್ಲಿ ಉದ್ಘಾಟನೆ, ಫೆಬ್ರವರಿಯಲ್ಲಿ ಸಮಾರೋಪ, ನಡುವೆ ಸುಖನಿದ್ರೆ. ಆದರೆ ಎಲ್ಲಿ ಒಬ್ಬ ಶಿಕ್ಷಕರೋ ಒಬ್ಬ ಭಗಿನಿಯೋ ಮನಸ್ಸಿಟ್ಟು ದುಡಿಯುತ್ತಾರೋ ಅಲ್ಲಿ ಸಂಘವು ಪಾಠ ಕಲಿಸದ ಎಷ್ಟೋ ವಿಷಯಗಳನ್ನು ಕಲಿಸುತ್ತದೆ. ಸಭೆಯಲ್ಲಿ ಎದ್ದು ನಿಲ್ಲುವುದು, ಲೆಕ್ಕ ಒಪ್ಪಿಸುವುದು, ಸೋತ ಅಭ್ಯರ್ಥಿಯ ಕೈಕುಲುಕುವುದು, ಗೋಡೆ ಪತ್ರಿಕೆಯಲ್ಲಿ ತನ್ನ ಹೆಸರನ್ನು ಕಂಡು ಹಿಗ್ಗುವುದು, ಇವೆಲ್ಲ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ.

ವಿದ್ಯಾರ್ಥಿ ಸಂಘವೊಂದರಿಂದಲೇ ತಮ್ಮ ಜೀವನದ ಕಾರ್ಯಕ್ಕೆ ದಾರಿ ಕಂಡುಕೊಂಡ ಸಂತರೊಬ್ಬರನ್ನು ನಮ್ಮ ಕುಟುಂಬಗಳು ಬಲ್ಲವು. 1815ರಲ್ಲಿ ಇಟಲಿಯ ಬಡ ರೈತಕುಟುಂಬದಲ್ಲಿ ಹುಟ್ಟಿದ ಸಂತ ಜಾನ್ ಬೋಸ್ಕೊ ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ, 1832ರ ಸುಮಾರಿಗೆ, ಸಹಪಾಠಿಗಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಅದರ ಹೆಸರೇ ‘ಹರ್ಷ ಸಂಘ’. ಅದರ ನಿಯಮಗಳು ಅತಿ ಸರಳವಾಗಿದ್ದವು. ಕ್ರೈಸ್ತನಿಗೆ ಒಪ್ಪದ ನಡೆನುಡಿ ಕೂಡದು, ಓದಿನ ಹಾಗೂ ಧರ್ಮದ ಕರ್ತವ್ಯಗಳನ್ನು ತಪ್ಪದೆ ಮಾಡಬೇಕು. ಇವೆರಡರ ಜೊತೆಗೆ ಪ್ರತಿಯೊಬ್ಬನೂ ಇತರರನ್ನು ಉಲ್ಲಾಸದಿಂದಿಡುವ ಆಟಗಳನ್ನೂ ಪುಸ್ತಕಗಳನ್ನೂ ಹುಡುಕಿ ತರಬೇಕು. ದುಃಖ ಉಂಟುಮಾಡುವುದೇನೂ ಅಲ್ಲಿ ಸಲ್ಲುತ್ತಿರಲಿಲ್ಲ. ಅವರ ಹಬ್ಬ ಜನವರಿ 31ರಂದು, ಅಂದರೆ ನಮ್ಮ ಬೀಳ್ಕೊಡುಗೆಗಳ ಋತುವಿನ ಹೊಸ್ತಿಲಲ್ಲಿಯೇ ಬರುತ್ತದೆ.

ಈಗ ನಮ್ಮ ಕಥೆಗೆ ಬರೋಣ. ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲವದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾವು ಹತ್ತನೆಯ ತರಗತಿಯಲ್ಲಿದ್ದೆವು. ಸಾಹಿತ್ಯ ಸಂಘದ ಕಾರ್ಯದರ್ಶಿ ಎಂಬ ಹೆಗ್ಗಳಿಕೆ ಬೇರೆ. ವಾರಕ್ಕೊಮ್ಮೆ ಗೋಡೆ ಪತ್ರಿಕೆಯನ್ನು ಕೈಯಾರೆ ಬರೆದು ಅಂಟಿಸುವುದು ನಮ್ಮದೇ ಕೆಲಸ. ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ನಮ್ಮ ತರಗತಿಯಲ್ಲಿ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಬಾಲಕನಿದ್ದ. ಮಿತಭಾಷಿ. ಬೆಳಗಿನ ಪ್ರಾರ್ಥನೆಗೆ ಅವನು ಹಾಜರಾದ ದಿನಗಳೇ ವಿರಳ. ರಾಷ್ಟ್ರಗೀತೆ ಮುಗಿದು ಸಾಲುಗಳು ಚದುರುವ ಹೊತ್ತಿಗೆ ಗೇಟಿನ ಬಳಿ ಅವನ ಹಳೆಯ ಸೈಕಲ್ಲು ಕಾಣಿಸುತ್ತಿತ್ತು. ಬೈಗುಳ ಕೇಳಿಸಿಕೊಂಡು, ತಲೆ ತಗ್ಗಿಸಿ, ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದ. ಬೀಳ್ಕೊಡುಗೆಯ ಡಬ್ಬಿಗೆ ನಾವು ಅವನ ಹೆಸರಿನಲ್ಲಿ ಒಂದು ಚೀಟಿ ಹಾಕಿದೆವು: “ಪ್ರಾರ್ಥನೆ ಮುಗಿದ ಮೇಲೆ ಬರುವ ಮುಖ್ಯ ಅತಿಥಿ.”

ಆ ದಿನ ಅತ್ಯಂತ ದೊಡ್ಡ ನಗೆ ಸಿಕ್ಕಿದ್ದು ಇದೇ ಚೀಟಿಗೆ. ವೇದಿಕೆಯ ಮೇಲಿದ್ದ ಮುಖ್ಯ ಅತಿಥಿಗಳೂ ಒಂದು ಗಂಟೆ ತಡವಾಗಿಯೇ ಬಂದಿದ್ದರಾಗಿ ನಗೆ ಇಮ್ಮಡಿಯಾಯಿತು. ಅವನೂ ಎದ್ದು ನಿಂತು ನಕ್ಕ. ಆದರೆ ಸ್ವಲ್ಪ ಹೊತ್ತಿನ ಬಳಿಕ ಗುಂಪು ಭಾವಚಿತ್ರಕ್ಕೆ ಕರೆದಾಗ ಅವನು ಇರಲಿಲ್ಲ. ಇಂದಿಗೂ ನಮ್ಮ ಮನೆಯಲ್ಲಿರುವ ಆ ಚಿತ್ರದಲ್ಲಿ ಅವನ ಮುಖವಿಲ್ಲ.

ಪರೀಕ್ಷೆಯ ದಿನಗಳಲ್ಲಿ ಮತ್ತೊಬ್ಬ ಗೆಳೆಯನಿಂದ ವಿಷಯ ತಿಳಿಯಿತು. ಅವನ ತಂದೆ ಹಾಸಿಗೆ ಹಿಡಿದು ಎರಡು ವರ್ಷಗಳಾಗಿದ್ದವು. ಭದ್ರಾ ನಾಲೆಯ ಕೊನೆಯ ಭಾಗದ ಗದ್ದೆಗಳಿಗೆ ನೀರು ಬರುವುದು ಸರದಿಯ ಮೇಲೆ, ರಾತ್ರಿಯೋ ಮುಂಜಾನೆಯೋ ಹೇಳಲಾಗದು. ಬಂದ ನೀರನ್ನು ಗದ್ದೆಗೆ ತಿರುಗಿಸಿ, ಬದುವಿನ ಮೇಲೆ ಕಾದು ನಿಂತು, ಮನೆಗೆ ಬಂದು ತಂದೆಯ ಮೈ ಒರೆಸಿ, ಆಮೇಲೆ ಅವನು ಸೈಕಲ್ಲು ಹತ್ತಬೇಕಾಗಿತ್ತು. ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತಿದ್ದ ನಾವು ಒಮ್ಮೆಯೂ ‘ಏಕೆ ತಡ?’ ಎಂದು ಕೇಳಿರಲಿಲ್ಲ.

ಇಲ್ಲಿ ಇನ್ನೊಂದು ಸಂಘದ ನೆನಪು ಬರುತ್ತದೆ. ಯುವ ಕಥೋಲಿಕ ವಿದ್ಯಾರ್ಥಿಗಳ ಸಂಘದಲ್ಲಿದ್ದವರಿಗೆ ಮೂರು ಮಾತುಗಳು ಕಂಠಪಾಠ: ನೋಡು, ವಿವೇಚಿಸು, ಕಾರ್ಯವೆಸಗು. 1925ರಲ್ಲಿ ಬೆಲ್ಜಿಯಂನಲ್ಲಿ ಯುವ ಕಾರ್ಮಿಕರ ಸಂಘವನ್ನು ಕಟ್ಟಿದ ಜೋಸೆಫ್ ಕಾರ್ಡಿನ್ ಅವರು ರೂಪಿಸಿದ ವಿಧಾನವಿದು. ಜಗದ್ಗುರು ಇಪ್ಪತ್ತಮೂರನೆಯ ಜಾನ್ 1961ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಎತ್ತಿಹಿಡಿದರು. ನಾವೂ ಈ ಪಾಠವನ್ನು ಕೇಳಿದವರೇ. ಆದರೆ ಆ ಸಹಪಾಠಿಯ ವಿಷಯದಲ್ಲಿ ಮಾಡಿದ್ದೇನು? ನೋಡಿದೆವು. ವಿವೇಚಿಸಲಿಲ್ಲ. ಚೀಟಿ ಬರೆದೇಬಿಟ್ಟೆವು.

ಹಾಗೆಂದು ಬೀಳ್ಕೊಡುಗೆಯಲ್ಲಿ ನಗೆಯೇ ಬೇಡವೆಂದು ನಾವು ವಾದಿಸುವುದಿಲ್ಲ. ಅಡ್ಡಹೆಸರು ಎಂಬುದು ಪ್ರೀತಿಯ ಗುರುತೂ ಆಗಬಲ್ಲದು. ಯೇಸುಸ್ವಾಮಿಯೇ ಸಿಮೋನನನ್ನು ಪೇತ್ರ, ಅಂದರೆ ಬಂಡೆ, ಎಂದು ಕರೆದರು. ಮುಂಗೋಪಿಗಳಾದ ಯಕೋಬ, ಯೊವಾನ್ನ ಎಂಬ ಸಹೋದರರಿಗೆ ‘ಸಿಡಿಲಮರಿಗಳು’ ಎಂದು ಹೆಸರಿಟ್ಟದ್ದನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಆ ಹೆಸರುಗಳಲ್ಲಿ ವಿನೋದವಿರಬಹುದು, ತಿರಸ್ಕಾರವಿಲ್ಲ. ಕರೆದವರು ಅವರನ್ನು ಹತ್ತಿರದಿಂದ ಬಲ್ಲವರಾಗಿದ್ದರು.

ನಮ್ಮ ನೆರೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರನ್ನೂ ಇಲ್ಲಿ ನೆನೆಯಬಹುದು. ತಿಂಮನ ಮೂಲಕ ನಾಡನ್ನೇ ನಗಿಸಿದ ಅವರು ತಮ್ಮ ಆತ್ಮಕಥೆಗೆ ‘ಭಯಾಗ್ರಫಿ’ ಎಂದು ಹೆಸರಿಟ್ಟು ಮೊದಲು ತಮ್ಮನ್ನೇ ನಗೆಗೆ ಒಡ್ಡಿಕೊಂಡರು. ತನ್ನ ಕಾಲನ್ನೇ ಎಳೆದುಕೊಳ್ಳಬಲ್ಲವನಿಗೆ ಮಾತ್ರ ಇನ್ನೊಬ್ಬರ ಕಾಲೆಳೆಯುವ ಅಧಿಕಾರ.

ಆದುದರಿಂದ ಶಿಕ್ಷಕರಲ್ಲಿಯೂ ಪೋಷಕರಲ್ಲಿಯೂ ಕೆಲವು ವಿನಂತಿಗಳು. ಡಬ್ಬಿಗೆ ಬಿದ್ದ ಚೀಟಿಗಳನ್ನು ಸಂಘದ ಇಬ್ಬರು ಮೂವರು ಮಕ್ಕಳು ಶಿಕ್ಷಕರೊಡನೆ ಕುಳಿತು ಮೊದಲೇ ಓದಲಿ. ಮೈಬಣ್ಣ, ದೇಹ, ತೊದಲು, ಜಾತಿ, ಬಡತನ, ಮನೆಯ ಕಷ್ಟ, ಹುಡುಗ ಹುಡುಗಿಯರ ಹೆಸರು ಕೂಡಿಸುವಿಕೆ, ಇವುಗಳನ್ನು ಹೊತ್ತ ಚೀಟಿಗಳು ಅಲ್ಲಿಯೇ ಹರಿದುಹೋಗಲಿ. ‘ಇದನ್ನು ಅವಳ ತಾಯಿಯ ಎದುರಿಗೆ ಓದಬಲ್ಲೆವೆ?’ ಎಂಬ ಒಂದೇ ಪ್ರಶ್ನೆ ಒಳ್ಳೆಯ ಜರಡಿ. ಶಿಕ್ಷಕರಿಗೂ ಬಿರುದುಗಳಿರಲಿ. ದೊಡ್ಡವರು ನಗುತ್ತಾ ಸ್ವೀಕರಿಸುವುದನ್ನು ಕಂಡರೆ ಮಕ್ಕಳೂ ಕಲಿಯುತ್ತಾರೆ.

ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಯಾರ ಹೆಸರಿಗೂ ಚೀಟಿ ಬಾರದೆ ಉಳಿಯದಂತೆ ನೋಡಿಕೊಳ್ಳಬೇಕು. ಹಾಸ್ಯಕ್ಕೆ ಗುರಿಯಾದವನ ನೋವು ನಮಗೆ ಕಾಣಿಸುತ್ತದೆ. ಆದರೆ ಸಭೆ ಮುಗಿಯುವವರೆಗೂ ತನ್ನ ಹೆಸರಿಗಾಗಿ ಕಾದು, ಅದು ಬಾರದೆ, ಸುಮ್ಮನೆ ಮನೆಗೆ ಹೋಗುವ ಮಗುವಿನ ನೋವು ಯಾರಿಗೂ ಕಾಣಿಸುವುದಿಲ್ಲ.

2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಶಿಕ್ಷಕರ ಕೈಯ ಬೆತ್ತವನ್ನು ಕಿತ್ತುಕೊಂಡಿತು. ಸಹಪಾಠಿಯ ನಾಲಿಗೆಯನ್ನು ಹಿಡಿಯಲು ಕಾನೂನಿನಿಂದ ಆಗದು. ಅದು ಮನೆಯಲ್ಲಿ, ಊಟದ ಹೊತ್ತಿನ ಮಾತುಗಳಲ್ಲಿ ಕಲಿಯಬೇಕಾದ ಪಾಠ. ನೆರೆಮನೆಯವರನ್ನು ಅಡ್ಡಹೆಸರಿನಿಂದ ಕರೆದು ನಗುವ ತಂದೆತಾಯಿಗಳ ಮಗು ಶಾಲೆಯಲ್ಲಿ ಬೇರೆ ರೀತಿ ನಡೆದುಕೊಂಡೀತೆಂದು ನಿರೀಕ್ಷಿಸುವುದು ಹೇಗೆ?

ಆ ಗೆಳೆಯನನ್ನು ನಾವು ಮತ್ತೆ ಕಂಡದ್ದು ಬಹಳ ವರ್ಷಗಳ ನಂತರ, ಸೆಪ್ಟೆಂಬರ್ 8ರಂದು, ಹರಿಹರದ ಆರೋಗ್ಯ ಮಾತೆಯ ಹಬ್ಬದ ಜನಸಂದಣಿಯಲ್ಲಿ. ಅನ್ಯಧರ್ಮೀಯನಾದರೂ ತಾಯಿಯನ್ನು ಕರೆದುಕೊಂಡು ಮೇಣದಬತ್ತಿ ಹಚ್ಚಲು ಬಂದಿದ್ದ. ಕುಶಲ ಪ್ರಶ್ನೆಗಳಾದ ಮೇಲೆ, ತಡೆಯಲಾರದೆ, ಆ ಚೀಟಿ ಬರೆದವರು ನಾವೇ ಎಂದು ಒಪ್ಪಿಕೊಂಡೆವು. ಅವನು ಸ್ವಲ್ಪವೂ ಬೆರಗಾಗಲಿಲ್ಲ.

“ಅವತ್ತೇ ಗೊತ್ತಿತ್ತು ಬಿಡಪ್ಪ. ಓದಿದ ಮೇಲೆ ಚೀಟಿ ನನ್ನ ಕೈಗೇ ಕೊಟ್ರಲ್ಲ. ಗೋಡೆ ಪತ್ರಿಕೆಯಾಗೆ ಆ ಅಕ್ಷರ ವಾರವಾರ ಓದ್ತಿದ್ದೆ. ಬೇರೆ ಯಾರಾದ್ರೂ ಬರೆದಿದ್ರೆ ಅಷ್ಟು ಬೇಜಾರಾಗ್ತಿರಲಿಲ್ಲ” ಎಂದ.

ಆಮೇಲೆ ತಾಯಿಯ ಕೈ ಹಿಡಿದು, “ನಿಧಾನ ನಡಿಯವ್ವ, ಮೆಟ್ಲು ಐತಿ” ಎನ್ನುತ್ತಾ ಮುಂದೆ ಸಾಗಿದ.

ಪ್ರಿಯ ಓದುಗರೇ, ಈ ತಿಂಗಳು ನಿಮ್ಮ ಮನೆಯ ಮಗು ಚೀಟಿ ಬರೆಯಲು ಕುಳಿತರೆ ಒಂದು ಕ್ಷಣ ಪಕ್ಕದಲ್ಲಿ ಕುಳಿತುಕೊಳ್ಳಿ. ಆ ಬಿರುದು ಯಾರಿಗೆ, ಅವರ ಮನೆಯಲ್ಲಿ ಯಾರಿದ್ದಾರೆ, ಶಾಲೆಗೆ ಹೇಗೆ ಬರುತ್ತಾರೆ ಎಂದು ಕೇಳಿ. ಉತ್ತರ ಗೊತ್ತಿದ್ದರೆ ಮಗು ಧಾರಾಳವಾಗಿ ಬರೆಯಲಿ, ನಾವೆಲ್ಲರೂ ನಗೋಣ. ಗೊತ್ತಿಲ್ಲದಿದ್ದರೆ ಮೊದಲು ಹೋಗಿ ವಿಚಾರಿಸಿಕೊಂಡು ಬರಲಿ. ಬೀಳ್ಕೊಡುಗೆಗೆ ಇನ್ನೂ ಕೆಲವು ದಿನಗಳಿವೆ.