ಕಾಂಪ್ಯಾಕ್ಟ್ ಕ್ಯಾಮೆರಾವೋ, ಡಿಎಸ್‌ಎಲ್‌ಆರ್ರೋ?

ಕಾಂಪ್ಯಾಕ್ಟ್ ಕ್ಯಾಮೆರಾಕ್ಕೂ ಡಿಎಸ್‌ಎಲ್‌ಆರ್‌ಗೂ ಇರುವ ಮುಖ್ಯ ವ್ಯತ್ಯಾಸ ಸೆನ್ಸರ್‌ನ ಗಾತ್ರ. ಸಾಧಾರಣ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್ ಇರುವ ಡಿಎಸ್‌ಎಲ್‌ಆರ್‌ನದು ಸುಮಾರು 23 ಮಿ.ಮೀ. ವಿಸ್ತೀರ್ಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಮಂದ ಬೆಳಕಿನಲ್ಲೂ ಅದರ ಚಿತ್ರ ಸ್ವಚ್ಛ. ಹಿನ್ನೆಲೆ ಮಸುಕಾಗಿಸುವುದೂ ಸುಲಭ.

ಡಿಎಸ್‌ಎಲ್‌ಆರ್‌ನೊಳಗಿನ ಕನ್ನಡಿ ಲೆನ್ಸ್‌ನಿಂದ ಬಂದ ಬೆಳಕನ್ನು ವ್ಯೂಫೈಂಡರ್‌ಗೆ ತಿರುಗಿಸುತ್ತದೆ. ಫೋಕಸ್ ಚುರುಕು, ಲೆನ್ಸ್ ಬದಲಿಸಬಹುದು. ರಂಗನತಿಟ್ಟಿನಲ್ಲಿ ಹಾರುವ ಕೊಕ್ಕರೆಗೂ ಕ್ರೀಡಾಂಗಣದ ಓಟಕ್ಕೂ ಇದೇ ಸರಿ. ಆದರೆ ಲೆನ್ಸ್ ಸೇರಿದರೆ ತೂಕ ಅರ್ಧ ಕಿಲೋ ದಾಟುತ್ತದೆ. ಪ್ರತಿ ಹೊಸ ಲೆನ್ಸಿಗೂ ಬೇರೆ ಖರ್ಚು.

ಕಾಂಪ್ಯಾಕ್ಟ್ ಜೇಬಿಗೆ ಇಳಿಯುತ್ತದೆ. ಲೆನ್ಸ್ ಬದಲಿಸಲಾಗದು, ಆದರೆ ಜೂಮ್ ಅದರಲ್ಲೇ ಇರುತ್ತದೆ. ಹಗಲಿನ ಪ್ರವಾಸಕ್ಕೆ, ಮನೆಯ ಸಮಾರಂಭಕ್ಕೆ ಅಷ್ಟು ಸಾಕು.

ಎರಡರ ನಡುವೆ 1 ಇಂಚು ಸೆನ್ಸರ್‌ನ ಕಾಂಪ್ಯಾಕ್ಟ್‌ಗಳಿವೆ. ಹೆಸರು 1 ಇಂಚು ಎಂದಿದ್ದರೂ ಅವುಗಳ ಸೆನ್ಸರ್ ಸುಮಾರು 13 ಮಿ.ಮೀ. ಅಗಲ. ಹಗುರವೂ ಬೇಕು, ಸಂಜೆಯ ಬೆಳಕಿನಲ್ಲಿ ಒಳ್ಳೆಯ ಚಿತ್ರವೂ ಬೇಕು ಎನ್ನುವವರಿಗೆ ಅವು ಸೂಕ್ತ.