ಕಟ್ಟಿದ ಅಂಕಿಗಳಿಂದ ಸಂಖ್ಯಾಶಾಸ್ತ್ರ ಕಲಿಯೋಣ ಬನ್ನಿ



ಹತ್ತನೇ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರ ಎಂಬ ಪಾಠವಿದೆ. ಸರಾಸರಿ, ಮಧ್ಯಾಂಕ, ಬಹುಲಕ ಅಂದ್ರೆ ಸಾಕು, ಹಿಂದಿನ ಬೆಂಚಿನವರಿಗೆ ನಿದ್ದೆ ಬರ್ತದೆ. ಪುಸ್ತಕದ ಅಂಕಿಗಳು ನಮ್ಮವಲ್ಲ ಅನ್ನೋದೇ ಇದಕ್ಕೆ ಕಾರಣ. ನಮ್ಮ ವಯಸ್ಸಿನವರ ವಿಷಯವಾದರೆ ಲೆಕ್ಕ ತಾನಾಗಿ ಓಡ್ತದೆ. ಹಾಗಾದರೆ ನಮ್ಮ ತರಗತಿಯನ್ನೇ ಸಮೀಕ್ಷೆ ಮಾಡಬಹುದಲ್ಲ ಎಂದು ನೀವು ಕೇಳಬಹುದು.

ಮಾಡಬಹುದು, ಆದರೆ ಒಂದು ತೊಡಕಿದೆ. "ಶಾಲೆಗೆ ಬರುವ ಮೊದಲು ಮನೆಯಲ್ಲಿ ಎಷ್ಟು ನಿಮಿಷ ಕೆಲಸ ಮಾಡ್ತೀರಿ?" ಎಂದು ಕೇಳಿದೆವು ಅನ್ನಿ. ಒಬ್ಬರು 240 ನಿಮಿಷ ಎಂದು ಬರೆದರು. ಚೀಟಿಯಲ್ಲಿ ಹೆಸರಿಲ್ಲ. ಆದರೂ 36 ಜನರ ತರಗತಿಯಲ್ಲಿ ಅದು ಯಾರ ಮನೆ ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರ್ತದೆ. ಮನೆಯ ಕಷ್ಟ ಲೆಕ್ಕದ ಹೆಸರಿನಲ್ಲಿ ಬೀದಿಗೆ ಬರಬಾರದು. ಸರ್ಕಾರದ ಜನಗಣತಿಯಲ್ಲೂ ಒಬ್ಬೊಬ್ಬರ ಉತ್ತರವನ್ನು ಗುಟ್ಟಾಗಿಡಬೇಕೆಂದು 1948ರ ಜನಗಣತಿ ಕಾಯ್ದೆ ಹೇಳ್ತದೆ.

ಇದಕ್ಕೊಂದು ದಾರಿ ಇದೆ. ಅದರ ಹೆಸರು ಕೃತಕ ದತ್ತಾಂಶ. ನಿಜವಾದ ಜನರ ಉತ್ತರಗಳ ಬದಲು, ಅವನ್ನು ಹೋಲುವಂತೆ ಕಟ್ಟಿದ ಕಲ್ಪಿತ ಜನರ ಉತ್ತರಗಳನ್ನು ಹೊರಗೆ ಕೊಡಬಹುದು ಎಂದು 1993ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಸೂಚಿಸಿದರು. ನಮಗೆ ಕಂಪ್ಯೂಟರ್ ಬೇಡ, ಎರಡು ದಾಳ ಸಾಕು. ನಾನು ಮಾಡಿ ನೋಡಿದ ಕ್ರಮ ಹೀಗಿದೆ.

ಎರಡು ದಾಳ ಬೀಳುವ ರೀತಿಗಳು ಒಟ್ಟು 36. ಒಂದೊಂದು ರೀತಿಗೂ ಒಂದೊಂದು ಚೀಟಿ, ಒಬ್ಬೊಬ್ಬ ಕಲ್ಪಿತ ವಿದ್ಯಾರ್ಥಿ. ಎರಡೂ ದಾಳದ ಮೊತ್ತವನ್ನು 5ರಿಂದ ಗುಣಿಸಿದರೆ ಆ ವಿದ್ಯಾರ್ಥಿ ಕೆಲಸ ಮಾಡಿದ ನಿಮಿಷ ಸಿಗ್ತದೆ. ಕಡಿಮೆ ಅಂದ್ರೆ 10, ಹೆಚ್ಚು ಅಂದ್ರೆ 60. ಎಲ್ಲ ಕೂಡಿದರೆ 1260. 36ರಿಂದ ಭಾಗಿಸಿದರೆ ಸರಾಸರಿ 35. ಮಧ್ಯಾಂಕವೂ 35, ಬಹುಲಕವೂ 35.

ಈಗ 60 ಎಂದಿರುವ ಚೀಟಿಯನ್ನು ಅಳಿಸಿ 240 ಎಂದು ಬರೆಯಿರಿ. ಮೊತ್ತ 1440 ಆಯ್ತು, ಸರಾಸರಿ 40ಕ್ಕೆ ಏರಿತು. ಮಧ್ಯಾಂಕ ಮತ್ತು ಬಹುಲಕ ಮಾತ್ರ 35ರಲ್ಲೇ ಕೂತಿವೆ! ಒಬ್ಬರ ಹೊರೆ ಸರಾಸರಿಯನ್ನು ಎಳೆಯಬಲ್ಲದು, ಮಧ್ಯಾಂಕವನ್ನು ಅಲ್ಲಾಡಿಸಲಾರದು. ಯಾರ ಮನೆಯ ಬಾಗಿಲನ್ನೂ ತಟ್ಟದೆ ಈ ಪಾಠ ಕಲಿತ ಹಾಗಾಯ್ತು.

ಇನ್ನೊಂದು ಆಟ. ಎರಡು ಗುಂಪು ಮಾಡಿ. ಒಂದಕ್ಕೆ ಶಿಕಾರಿಪುರ, ಇನ್ನೊಂದಕ್ಕೆ ಸೊರಬ ಎಂದು ಹೆಸರಿಡಿ. ಎರಡೂ ಗುಂಪು ನಿಜವಾಗಿ 36 ಸಲ ದಾಳ ಹಾಕಲಿ. ಒಂದರ ಸರಾಸರಿ 33, ಇನ್ನೊಂದರದು 37 ಬರಬಹುದು. ಕೂಡಲೇ "ಸೊರಬದ ಮಕ್ಕಳೇ ಹೆಚ್ಚು ದುಡಿಯೋದು" ಅಂತ ಕೂಗೋ ಹಾಗಿಲ್ಲ. ದಾಳ ಅದೇ, ನಿಯಮ ಅದೇ; ವ್ಯತ್ಯಾಸ ಬರೀ ಆಕಸ್ಮಿಕ. ನಿಜವಾದ ಸಮೀಕ್ಷೆಯನ್ನು ಓದುವಾಗಲೂ ಸಣ್ಣ ವ್ಯತ್ಯಾಸಕ್ಕೆ ಹಿಗ್ಗಬಾರದು, ಕುಗ್ಗಬಾರದು ಎಂದು ಇದರಿಂದ ತಿಳೀತದೆ.

ಆದರೆ ಎಚ್ಚರ. ಕಟ್ಟಿದ ಅಂಕಿ ಲೆಕ್ಕ ಕಲಿಸ್ತದೆ, ಊರಿನ ಸತ್ಯ ಹೇಳೋದಿಲ್ಲ. ನಾವು ಬಿತ್ತಿದ್ದನ್ನೇ ನಾವು ಕೊಯ್ಯೋದು. ಹಸುವಿನ ಕೊಟ್ಟಿಗೆ, ಗೋವಿನಜೋಳದ ಹೊಲ, ಅಡಿಕೆ ಸುಲಿಯೋ ಕೆಲಸ ಇವೆಲ್ಲ ನಮ್ಮ ಓದಿನ ಹೊತ್ತನ್ನು ಎಷ್ಟು ತಿನ್ನುತ್ತವೆ ಎಂದು ದಾಳವನ್ನು ಕೇಳಿದರೆ ಅದಕ್ಕೇನು ಗೊತ್ತು? ಅದಕ್ಕೆ ಜನರನ್ನೇ ಕೇಳಬೇಕು. 2023ರಲ್ಲಿ ಅಸರ್ ಸಮೀಕ್ಷೆಯವರು 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ 34,745 ಮಂದಿಯನ್ನು ಮಾತನಾಡಿಸಿದ್ದು ಅದಕ್ಕಾಗಿಯೇ. ಹಾಗಾಗಿ ಪಟ್ಟಿಯ ಮೇಲೆ "ಇವು ಕಟ್ಟಿದ ಅಂಕಿಗಳು" ಎಂದು ದಪ್ಪ ಅಕ್ಷರದಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಪಾಠದ ಅಂಕಿ ಊರಿನ ಸುದ್ದಿಯಾಗಿ ಓಡಾಡ್ತದೆ.

ಕೊನೆಗೊಂದು ಪ್ರಶ್ನೆ: ಮೊದಲಿನ 36 ಚೀಟಿಗಳಿಗೂ 10 ನಿಮಿಷ ಸೇರಿಸಿದರೆ ಸರಾಸರಿ, ಮಧ್ಯಾಂಕ, ಬಹುಲಕ ಏನಾಗ್ತವೆ? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.