ಕಾಣದ ದ್ರವ್ಯದ ಸುಳಿವು
ಪ್ರಶ್ನೆ: ದೂರದರ್ಶಕಕ್ಕೂ ಕಾಣದ ಕಪ್ಪುದ್ರವ್ಯ ಇದೆಯೆಂದು ತಿಳಿದದ್ದು ಹೇಗೆ?

ಉತ್ತರ: ಸೂರ್ಯನಿಂದ ದೂರವಿದ್ದಷ್ಟೂ ಗ್ರಹಗಳ ವೇಗ ಕುಗ್ಗುವಂತೆ, ಗೆಲಾಕ್ಸಿಯ ಅಂಚಿನಲ್ಲಿಯೂ ಪರಿಭ್ರಮಣದ ವೇಗ ಇಳಿಯಬೇಕೆಂಬುದು ಸಹಜ ನಿರೀಕ್ಷೆಯಾಗಿತ್ತು. ಅಮೆರಿಕದ ಖಗೋಳವಿಜ್ಞಾನಿ ವೆರಾ ರೂಬಿನ್ ಅವರು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ದಾಖಲಿಸುವ, ಸಹೋದ್ಯೋಗಿ ಕೆಂಟ್ ಫೋರ್ಡ್ ಅವರ ರೋಹಿತಲೇಖಿಯಿಂದ ಆಂಡ್ರೊಮಿಡಾ ಗೆಲಾಕ್ಸಿಯ ಅನಿಲಮೋಡಗಳನ್ನು ಪರಿಶೀಲಿಸಿ, ರೋಹಿತರೇಖೆಗಳ ಪಲ್ಲಟದಿಂದ ಅವುಗಳ ವೇಗವನ್ನು ಲೆಕ್ಕಹಾಕಿ, ಫೋರ್ಡ್ ಅವರೊಂದಿಗೆ 1970ರಲ್ಲಿ ಪ್ರಕಟಿಸಿದರು; ಹೊರವಲಯದಲ್ಲಿ ವೇಗವು ನಿರೀಕ್ಷಿಸಿದಂತೆ ಇಳಿದಿರಲಿಲ್ಲ. 1980ರಲ್ಲಿ 21 ಸುರುಳಿ ಗೆಲಾಕ್ಸಿಗಳ ಅಧ್ಯಯನವೂ ಇದನ್ನೇ ತೋರಿತು. ಅಷ್ಟು ವೇಗದ ಮೋಡಗಳನ್ನು ಹಿಡಿದಿಡಲು ಕಾಣುವ ದ್ರವ್ಯದ ಗುರುತ್ವ ಸಾಲದಾದ್ದರಿಂದ, ಬೆಳಕು ಸೂಸದ ದ್ರವ್ಯ ಗೆಲಾಕ್ಸಿಯನ್ನು ಆವರಿಸಿರಬೇಕೆಂಬ ವಿವರಣೆ ಬಲಗೊಂಡಿತು. ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ 1933ರಲ್ಲಿಯೇ ಕೋಮಾ ಎಂಬ ಗೆಲಾಕ್ಸಿಗಳ ಗುಚ್ಛದಲ್ಲಿ ಕಾಣುವ ದ್ರವ್ಯದ ಇಂಥ ಕೊರತೆಯನ್ನು ಗುರುತಿಸಿದ್ದರೂ, ವಿಜ್ಞಾನಲೋಕವನ್ನು ಒಪ್ಪಿಸಿದ್ದರಲ್ಲಿ ರೂಬಿನ್ ಅವರ ತಾಳ್ಮೆಯ ಅಳತೆಗಳ ಪಾಲು ಬಹು ದೊಡ್ಡದು.